ಗೋಡೆಯಾಚೆಯ ಅಮಲ್ದಾರರು

ನಮ್ಮ ಅತ್ತೆಯ ಮನೆಗೂ ಅಂದಾನಯ್ಯನವರ ಮನೆಗೂ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಗೋಡೆಯ ಈ ಕಡೆ ಹುಣಸೆಹಣ್ಣು ಕುಟ್ಟುವ ನಾವು ನಾಲ್ವರು ಹೆಂಗಸರು. ಆ ಕಡೆ ಸರ್ಕಾರ.

ಆ ಕಡೆ ಇರುವುದು ಸರ್ಕಾರ ಎಂದು ಬೇರೆ ಯಾರೂ ಹೇಳಿದ್ದಲ್ಲ, ಅಂದಾನಯ್ಯನವರೇ ಹೇಳುತ್ತಿದ್ದರು. ಅವರು ಪಾಂಡವಪುರದಲ್ಲಿ ಅಮಲ್ದಾರರು ಕೂರುವ ತಾಲ್ಲೂಕು ಕಚೇರಿಯ ಎದುರು ಹೊಂಗೆಮರದ ಕೆಳಗೆ ಮೇಜು ಹಾಕಿಕೊಂಡು ಛಾಪಾಕಾಗದ ಮಾರುತ್ತಿದ್ದರು. ಕಚೇರಿಗೂ ಆ ಮೇಜಿಗೂ ನಡುವೆ ಒಂದು ಚರಂಡಿ ಇತ್ತು. ಅಂದಾನಯ್ಯನವರ ಮಾತಿನಲ್ಲಿ ಮಾತ್ರ ಆ ಚರಂಡಿ ಎಂದೂ ಬರುತ್ತಿರಲಿಲ್ಲ.

"ಅಮಲ್ದಾರ್ರು ಜೀಪು ಹತ್ತಬೇಕಾದ್ರೆ ಒಂದ್ಸಲ ನನ್ ಕಡೆ ತಿರುಗಿ ನೋಡ್ತಾರೆ ಕಣ್ಲಾ. ಓಗ್ಲಾ ಬ್ಯಾಡ್ವಾ ಅಂತ," ಎಂದು ಅವರು ತಮ್ಮ ಜಗಲಿಯ ಮೇಲೆ ಕುಳಿತು ಹೇಳಿದರೆ, ಎಲೆಯಡಿಕೆ ಹಾಕಿಕೊಂಡು ಕೇಳುವವರಿಗೆ ಕೊರತೆ ಇರಲಿಲ್ಲ. ಆ ಜಗಲಿಯೂ ಅವರ ಮಾತಿನ ಹಾಗೇ ಇತ್ತು. ಶುರುವಾದದ್ದು ಗೋಡೆಯ ಬುಡದಲ್ಲಿ, ನಿಂತದ್ದು ಅರ್ಧ ಬೀದಿಗೆ ಬಂದು. ಎತ್ತಿನ ಗಾಡಿಗಳು ಅಲ್ಲಿ ಬಂದಾಗ ಒಂದು ಕಡೆಗೆ ವಾಲಿಕೊಂಡು ಹೋಗುತ್ತಿದ್ದವು. ಕೇಳುವವರು ಉಗಿದ ಎಲೆಯಡಿಕೆಯನ್ನು ದಿನಾ ಬೆಳಿಗ್ಗೆ ನೀರು ಹಾಕಿ ಉಜ್ಜಿ ತೊಳೆಯುತ್ತಿದ್ದವರು ಅವರ ಹೆಂಡತಿ ಪ್ರೇಮಮ್ಮ.

ಪ್ರೇಮಮ್ಮನ ಧ್ವನಿಯನ್ನು ಬೀದಿಯಲ್ಲಿ ಕೇಳಿದವರು ಯಾರೂ ಇರಲಿಲ್ಲ. ಗಂಡ ಒಂದು ಪ್ರಶ್ನೆ ಕೇಳಿ, ಉತ್ತರವನ್ನೂ ತಾವೇ ಹೇಳಿ, ಅದು ಸರಿಯಿಲ್ಲವೆಂದು ಬೈದೂ ಮುಗಿಸುವಷ್ಟರಲ್ಲಿ ಪ್ರೇಮಮ್ಮನ ಪಾಲಿಗೆ ಉಳಿಯುತ್ತಿದ್ದದ್ದು ಒಂದು "ಹೂಂ" ಅಷ್ಟೆ. ಬೀದಿಯವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಅಂದಾನಯ್ಯನವರು ಮಧ್ಯಾಹ್ನ ಹೊಂಗೆಮರಕ್ಕೆ ಹೋದ ಕೂಡಲೇ ಆಕೆ ಹಿತ್ತಲ ಬೇಲಿ ದಾಟಿ ನಮ್ಮಲ್ಲಿಗೆ ಬಂದುಬಿಡುತ್ತಿದ್ದರು. ನಮ್ಮಲ್ಲಿ ಆಟ ನಡೆಯುತ್ತಿತ್ತು.

ಆಟವನ್ನು ಶುರು ಮಾಡಿದವರು ನಮ್ಮ ಅತ್ತೆ ಲಕ್ಷ್ಮಿದೇವಮ್ಮ. ಹುಣಸೆಹಣ್ಣಿನ ಕೆಲಸ ಬಹಳ ಬೇಸರದ್ದು. ಕೊಡತಿಯಿಂದ ಕುಟ್ಟಬೇಕು, ಬೀಜ ಬಿಡಿಸಬೇಕು, ನಾರು ಎಳೆಯಬೇಕು. ಬೀದಿಯವರ ಸುದ್ದಿ ಆಡೋಣವೆಂದರೆ ಬೀದಿಯವರೇ ಕಿವಿ ಕೊಟ್ಟುಕೊಂಡು ಕೂತಿರುತ್ತಾರೆ. ಅದಕ್ಕೆ ಅತ್ತೆ ಒಂದು ಮನೆಯನ್ನೇ ಹುಟ್ಟಿಸಿಬಿಟ್ಟರು. ಅದು ಮಹಡಿ ಮನೆ. ನಮ್ಮ ಬೀದಿಯಲ್ಲಿ ಯಾರಿಗೂ ಮಹಡಿ ಇಲ್ಲದ್ದರಿಂದ ಯಾರಿಗೂ ಕೋಪ ಬರುವಂತಿರಲಿಲ್ಲ. ಆ ಮನೆಯ ಜಿಪುಣ ಯಜಮಾನ ಅತ್ತೆಯೇ. ಸೀರೆಯ ಸೆರಗನ್ನು ತಲೆಗೆ ರುಮಾಲಿನ ಹಾಗೆ ಸುತ್ತಿಕೊಂಡರೆ ಮುಗಿಯಿತು, ಅತ್ತೆ ಗಂಡಸಾಗಿಬಿಡುತ್ತಿದ್ದರು. ಕೂಲಿಗೆ ಬರುತ್ತಿದ್ದ ಮಾದಮ್ಮ ಮೈತುಂಬ ಒಡವೆ ಹೇರಿಕೊಂಡ ಸೊಸೆ. ಯಜಮಾನನ ತಾಯಿ, ಊರಿಗೆಲ್ಲ ಬೈಯುವ ದೊಡ್ಡವ್ವ, ನಮ್ಮ ಪ್ರೇಮಮ್ಮ.

"ಇನ್ನೊಬ್ರು ಬಾಯಿಗೆ ನಿನ್ ಮಾತ ತುರುಕ್ಬ್ಯಾಡ ಕಣಮ್ಮಿ," ಎಂದು ಅತ್ತೆ ಮೊದಲ ದಿನವೇ ಮಾದಮ್ಮನಿಗೆ ಹೇಳಿದ್ದರು. "ನಿನ್ ಮಾತ ನೀನಾಡು. ಆಡ್ಬುಟ್ಟು ಕತೆ ತುದಿ ಬುಡು. ಇನ್ನೊಬ್ರು ಇಡ್ಕಳ್ಳಿ."

ಮಾದಮ್ಮ ಮೊದಮೊದಲು ತನ್ನ ಸೊಸೆಯನ್ನು ಬಲು ಒಳ್ಳೆಯವಳನ್ನಾಗಿ ಮಾಡಲು ನೋಡಿದಳು. ಸೊಸೆ ಎಲ್ಲರಿಗಿಂತ ಮೊದಲು ಏಳುವಳು, ಎಲ್ಲರ ಕಾಲಿಗೂ ಬೀಳುವಳು. ಅವಳ ಕಥೆ ಒಂದು ಬುಟ್ಟಿ ಹಣ್ಣು ಮುಗಿಯುವ ಮೊದಲೇ ಮುಗಿದುಹೋಯಿತು. ಮರುದಿನ ಅದೇ ಸೊಸೆ ದೊಡ್ಡವ್ವನ ಸೊಂಟದ ಡಾಬನ್ನು ಹಿಟ್ಟಿನ ಮಡಕೆಯಲ್ಲಿ ಬಚ್ಚಿಟ್ಟಳು ನೋಡಿ, ಆ ಡಾಬು ಸಂಕ್ರಾಂತಿಯಿಂದ ಶಿವರಾತ್ರಿಯವರೆಗೂ ನಮ್ಮನ್ನು ಎಳೆದುಕೊಂಡು ಹೋಯಿತು.

ನಾನು ಬಹಳ ದಿನ ಬಾಯಿ ಬಿಡಲಿಲ್ಲ. ಸುಮ್ಮನೆ ನಾರು ಎಳೆಯುತ್ತಿದ್ದೆ. ಒಂದು ದಿನ ದೊಡ್ಡವ್ವನ ಕೈಗೆ ಸಿಕ್ಕಿಬಿದ್ದ ಮಾದಮ್ಮ ದಾರಿ ಕಾಣದೆ ನನ್ನ ಕಡೆ ಕೈ ತೋರಿಸಿ, "ಅಗಳ್ಳಿ, ಅಮಲ್ದಾರ್ರು ಬಂದ್ರು!" ಎಂದಳು.

ಶಾಲೆಗೆ ಹೋಗುತ್ತಿದ್ದಾಗ ಒಮ್ಮೆ ನಾನು ಬಾವುಟ ಹಾರಿಸಲು ಬಂದಿದ್ದ ಅಮಲ್ದಾರರನ್ನು ನೋಡಿದ್ದೆ. ಅವರ ಧ್ವನಿ ಹೊಟ್ಟೆಯಿಂದ ಬರುತ್ತಿತ್ತು. ಅಂಥದೇ ಧ್ವನಿ ನನ್ನ ಹೊಟ್ಟೆಯಿಂದಲೂ ಬಂತು.

"ಏನದು ಗಲಾಟೆ? ಇದು ಮನೆಯೋ ಸಂತೆಯೋ?"

ಎಲ್ಲರ ಕೊಡತಿಯೂ ನಿಂತಿತು. ಮಾದಮ್ಮ ಎದ್ದು ನಿಂತಳು. ಅಂದಿನಿಂದ ಅಮಲ್ದಾರರು ಬಂದರೆ ಅವಳು ಕೂರುತ್ತಿರಲಿಲ್ಲ, ನಿಂತೇ ನಾರು ಬಿಡಿಸುತ್ತಿದ್ದಳು. ಅಮಲ್ದಾರರಿಗೆ ಒಂದು ಮಣೆ ಬಂತು, ಬೇರೆ ಲೋಟ ಬಂತು, ಹುಣಸೆನಾರಿನ ಒಂದು ಕೆಂಪು ಮೀಸೆಯೂ ಬಂತು. ಅಂಟು ಇದ್ದದ್ದರಿಂದ ಅದು ಮೂಗಿನ ಕೆಳಗೆ ಚೆನ್ನಾಗಿಯೇ ನಿಲ್ಲುತ್ತಿತ್ತು.

ಇಷ್ಟರಲ್ಲಿ ಅಂದಾನಯ್ಯನವರ ಮಗಳು ಇಂದ್ರಮ್ಮನಿಗೆ ನಾಗಮಂಗಲದ ಗಂಡು ಗೊತ್ತಾಗುವ ಹಾಗಾಯಿತು. ಗಂಡಿನ ತಂದೆ ಶಿವಲಿಂಗಯ್ಯನವರು ಬಂದು ಹೆಣ್ಣು ನೋಡಿಕೊಂಡು ಹೋದರು. ಅವರು ಅನುಮಾನದ ಮನುಷ್ಯ. ತಾಂಬೂಲಕ್ಕೆ ಕೊಟ್ಟ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಕೇಳಿದ ಮೇಲೆಯೇ ಚೀಲಕ್ಕೆ ಹಾಕಿಕೊಂಡರಂತೆ. ಹುಡುಗಿ ಒಪ್ಪಿಗೆಯಾಗಿದ್ದಳು. ಆದರೂ ಏನನ್ನೂ ಹೇಳದೆ ಬಸ್ಸು ಹತ್ತಿದರು.

ವಾರ ಕಳೆದು ನಾಗಮಂಗಲ ಬಸ್ಸಿನ ಕಂಡಕ್ಟರು ನಾಗರಾಜು ಸುದ್ದಿ ತಂದ. ಅವನು ಜಗಲಿಯ ಮುಂದೆ ನಿಂತು, "ಅಂದಾನಯ್ನೋರೆ, ಸೋಮವಾರ ಅವ್ರು ಬತ್ತಾರೆ. ಅವ್ರಿಗೊಂದು ಅನ್ಮಾನ ಅದೆ..." ಎನ್ನುವಷ್ಟರಲ್ಲಿ ಅಂದಾನಯ್ಯನವರು ಮಾತು ಕಿತ್ತುಕೊಂಡರು.

"ಗೊತ್ತು ಬುಡ್ಲಾ. ನಮ್ ಮನ್ತನ ಎಂಗೆ ಏನು ಅಂತ ತಾನೆ? ಅಮಲ್ದಾರ್ರ ಕೈಯಾಗೇ ತಾಂಬೂಲ ಕೊಡುಸ್ತೀನಿ ಅಂತ ಯೋಳು!"

"ಅದಲ್ಲ ಕಣಪ್ಪ, ಹೆಣ್ಣಿನ ತಾಯಿ..."

"ಹೆಣ್ಣಿನ ತಾಯಿ ಅಡ್ಗೆನ ಅಮಲ್ದಾರ್ರೇ ಹೊಗಳವ್ರೆ ಅಂತ ಯೋಳು!"

ನಾಗರಾಜು ಮತ್ತೊಮ್ಮೆ ಬಾಯಿ ತೆರೆದ, ಮುಚ್ಚಿದ. ಬಸ್ಸಿನ ಹಾರನ್ನು ಕೂಗಿತು. ಓಡುವ ಮುಂಚೆ ನಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತು ಅತ್ತೆಯ ಕಿವಿಗೆ ಸುರಿದು ಹೋದ. "ಹುಡ್ಗಿ ತಾಯಿ ಮೂಗಿಯಂತಲ್ಲವ್ವ? ಅಷ್ಟೊತ್ತು ಕುಂತಿದ್ರೂ ಒಂದ್ ಮಾತಾಡ್ನಿಲ್ವಂತೆ. ಮೂಗ್ತನ ರಕ್ತದಾಗೆ ಬರೋದು, ನಾಳೆ ಮೊಮ್ಮಕ್ಕಳೂ ಅಂಗೇ ಆದ್ರೆ ಅಂತ ಅವ್ರಿಗೆ ಅನ್ಮಾನ. ಆಯಮ್ಮ ಸೋಮವಾರ ಬಾಯಿ ಬುಟ್ರೆ ಮದ್ವೆ, ಇಲ್ದಿದ್ರೆ ಇಲ್ಲ."

ಪ್ರೇಮಮ್ಮನಿಗೆ ಹೇಳಿದೆವು. ಆಕೆ ಕೊಡತಿ ಕೆಳಗಿಟ್ಟರು. "ನನ್ನ ಮೂಗಿ ಅಂದ್ರಾ? ನಾನೇನ್ ಮಾಡ್ಲವ್ವ. ಅವ್ರು ಕೇಳಿದ್ದಕ್ಕೆಲ್ಲ ನಮ್ಮೋರೇ ಜವಾಬು ಕೊಟ್ಬುಟ್ರು. ಆಮ್ಯಾಕೆ ನನ್ ಬಾಯಿ ಒಣಗೋಯ್ತು. ಗಂಡಸ್ರು ಮುಂದೆ ನಂಗೆ ನಾಲ್ಗೆ ಏಳಾಕಿಲ್ಲ."

"ಗಂಡನಿಗಾದ್ರೂ ಯೋಳು," ಎಂದಳು ಮಾದಮ್ಮ.

"ಅವ್ರು ಬುಟ್ರಲ್ಲವಾ ಯೋಳಾದು?"

ಆ ದಿನದ ಆಟದಲ್ಲಿ ದೊಡ್ಡವ್ವ ಬಹಳ ಸಿಟ್ಟಿನಲ್ಲಿದ್ದಳು. ಎದೆಯಲ್ಲಿದ್ದದ್ದೆಲ್ಲ ಮಹಡಿ ಮನೆಯ ಯಜಮಾನನ ತಲೆಯ ಮೇಲೆ ಬಿತ್ತು. "ಏನ್ಲಾ, ಬೀದಿ ನಿಮ್ಮಪ್ಪ ಕಟ್ಟಿದ್ದೇನ್ಲಾ? ಜಗಲೀನ ದಾರಿಗೆ ಚಾಚ್ಕಂಡು ಕುಂತಿದ್ದೀಯಲ್ಲ! ಬಂದೋರೆಲ್ಲ ಉಗೀತಾರೆ, ಮನೇ ಎಂಗಸ್ರು ಬಳೀಬೇಕು. ಸ್ವಾಮಿ ಅಮಲ್ದಾರ್ರೇ, ನೀವೇ ಕೇಳಿ!"

ತುದಿ ನನ್ನ ಕೈಗೆ ಬಂದಿತ್ತು. ನಾನು ಮೀಸೆ ಸರಿ ಮಾಡಿಕೊಂಡೆ. "ಯಜಮಾನರೇ, ಸೋಮವಾರದೊಳಗೆ ಆ ಜಗಲಿ ಒಡೆಸಬೇಕು. ಇಲ್ಲವಾದರೆ ಜಗಲಿ ಕಟ್ಟಿದವರನ್ನೂ ಸೇರಿಸಿ ಎತ್ತಿಸುತ್ತೇನೆ!"

ಗೋಡೆಯ ಆಚೆ ಏನೋ ದಬಕ್ಕೆಂದು ಬಿದ್ದ ಸದ್ದಾಯಿತು.

ಹಳೆಯ ಅಮಲ್ದಾರರು ಶ್ರೀರಂಗಪಟ್ಟಣಕ್ಕೆ ವರ್ಗವಾಗಿ ಹೋಗಿದ್ದರು. ಹೊಸಬರು ಇನ್ನೂ ಬಂದಿರಲಿಲ್ಲ. ಕಚೇರಿಯಲ್ಲಿ ಜನವಿಲ್ಲದೆ ಅಂದಾನಯ್ಯನವರು ಅಂದು ಬೇಗ ಮನೆಗೆ ಬಂದು, ಗೋಡೆಯಲ್ಲಿ ಹಿಂದೆ ತೊಲೆ ಇದ್ದ ತೂತಿಗೆ ಕಿವಿ ಕೊಟ್ಟಿದ್ದರು. ಕೊಡತಿಯ ಸದ್ದಿನಲ್ಲಿ ಯಾವ ಮಾತೂ ಪೂರ್ತಿ ಕೇಳುವಂತಿರಲಿಲ್ಲ. ಅವರ ಕಿವಿಗೆ ಬಿದ್ದದ್ದು ನಾಲ್ಕೇ ಚೂರು: ಅಮಲ್ದಾರರು, ಜಗಲಿ, ಸೋಮವಾರ, ಒಡೆಸಬೇಕು. ಅಷ್ಟು ಸಾಕಾಯಿತು. ನಿಂತಿದ್ದ ರಾಗಿಕಲ್ಲಿನಿಂದ ಜಾರಿ ಬಿದ್ದರು.

ಆಮೇಲೆ ಆ ಕಡೆ ನಡೆದದ್ದನ್ನು ಪ್ರೇಮಮ್ಮ ಮರುದಿನ ನಮಗೆ ಆಡಿ ತೋರಿಸಿದರು. ಆಕೆ ಬೇಲಿ ದಾಟಿ ಮನೆ ಸೇರಿದಾಗ ಅಂದಾನಯ್ಯನವರು ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದರಂತೆ.

"ಲಕ್ಷ್ಮಿದೇವಮ್ಮನ ಮನೇಗೆ ಹೊಸ ಅಮಲ್ದಾರ್ರು ಬಂದವ್ರೆ ಕಣೇ! ಚಾರ್ಜು ತಗಳಾಕೆ ಮುಂಚೆ ಗುಟ್ಟಾಗಿ ಊರು ನೋಡ್ತಾವ್ರೆ. ಯಾವಳೋ ಗಯ್ಯಾಳಿ ನಮ್ ಜಗಲಿ ಮ್ಯಾಲೆ ಚಾಡಿ ಯೋಳ್ತಾವ್ಳೆ. ಯಾವಳಿರ್ಬೌದು? ಮಾದಮ್ಮನೇ ಸೈ. ಅಲ್ವಾ? ಅವಳಲ್ಲ, ಅವಳಿಗೆ ಅಷ್ಟು ಬಾಯಿಲ್ಲ. ಏನಂತೀಯ?"

"ಹೂಂ."

ಪಕ್ಕದ ಮನೆಗೆ ಅಮಲ್ದಾರರು ಬಂದರು, ಅಂದಾನಯ್ಯನವರ ಮನೆಯ ಒಂದು ಲೋಟ ಹಾಲು ಮುಟ್ಟಲಿಲ್ಲ ಎಂದರೆ ಮಾನ ಎಲ್ಲಿ ಉಳಿಯಿತು? ಮರುದಿನ ಅವರು ಹೊಂಗೆಮರಕ್ಕೆ ಹೋಗಲಿಲ್ಲ. ಬಾದಾಮಿ ಅರೆಸಿ, ಹಾಲು ಕಾಯಿಸಿ, ಬೆಳ್ಳಿ ಲೋಟಕ್ಕೆ ಬಸಿದು, ಎದುರಿಗೆ ಹೋದರೆ ಜಗಲಿಯ ಮಾತು ಬಂದೀತೆಂದು ಹೆಂಡತಿಯ ಕೈಯಲ್ಲೇ ಕಳಿಸಿದರು. ಪ್ರೇಮಮ್ಮ ಮೊಟ್ಟಮೊದಲ ಸಲ ನಮ್ಮ ಮನೆಗೆ ಮುಂಬಾಗಿಲಿನಿಂದ ಬಂದರು. ಬಂದು ಲೋಟವನ್ನು ನನ್ನ ಮುಂದಿಟ್ಟು ತಲೆ ತಗ್ಗಿಸಿದರು. ನಗುವುದೋ ಅಳುವುದೋ ನಮಗೆ ತಿಳಿಯಲಿಲ್ಲ.

"ಇದು ತಪ್ಪಲ್ವೇನವ್ವ? ಪೋಲೀಸ್ನೋರು ಇಡ್ಕಂಡೋದ್ರೆ?" ಎಂದಳು ಮಾದಮ್ಮ.

"ಹಾಲು ಕುಡಿದ್ರೆ ಯಾವ ಪೋಲೀಸ್ನೋರು ಹಿಡೀತಾರೆ? ಕೂಸೇ, ಮೊದ್ಲು ನೀನು ಕುಡಿ. ಆಮ್ಯಾಕೆ ಇತ್ಲಾಗೆ ತಾ," ಎಂದರು ಅತ್ತೆ.

ಪ್ರೇಮಮ್ಮ ಹೋಗಿ ಗಂಡನಿಗೆ ಒಂದು ಸುಳ್ಳೂ ಹೇಳಲಿಲ್ಲವಂತೆ. ಕುಡಿದರೇ ಎಂದು ಕೇಳಿದ್ದಕ್ಕೆ ಹೂಂ. ಏನಂದರು ಎಂದದ್ದಕ್ಕೆ, "ಸಕ್ಕರೆ ಕಮ್ಮಿ ಅಂದ್ರು." ನೋಡಲು ಹೇಗಿದ್ದಾರೆ ಎಂದದ್ದಕ್ಕೆ ಒಂದು ಗಳಿಗೆ ಯೋಚಿಸಿ, "ಕುಳ್ಳಗವ್ರೆ. ಕೆಂಪು ಮೀಸೆ. ಬಲೇ ಸಂಕೋಚದೋರು."

ಕೆಂಪು ಮೀಸೆ! ಅಂದಾನಯ್ಯನವರು ಇದನ್ನು ಗುಟ್ಟಾಗಿಡಬೇಕೆಂದು ಜಗಲಿಯ ಮೇಲಿದ್ದವರಿಗೆಲ್ಲ ಒಬ್ಬೊಬ್ಬರಿಗೇ ಬೇರೆಬೇರೆಯಾಗಿ ಹೇಳಿದರು.

ಅಂದಿನಿಂದ ಪಾಂಡವಪುರದಲ್ಲಿ ಯಾರೂ ಯಾರನ್ನೂ ನಂಬಲಿಲ್ಲ. ಹೋಟಲಿನ ದೇವಯ್ಯ ಹಾಲಿಗೆ ನೀರು ಬೆರೆಸುವ ಮುಂಚೆ ಬಾಗಿಲಿಗೆ ಬಂದು ಬೀದಿಯ ಎರಡೂ ಕಡೆ ನೋಡತೊಡಗಿದ. ಆಮೇಲೆ ಬೆರೆಸುವುದನ್ನೇ ಬಿಟ್ಟ. ಗಟ್ಟಿ ಕಾಫಿ ಕುಡಿದು ರೂಢಿಯಿಲ್ಲದವರು ಹೊಟ್ಟೆ ಕೆಡಿಸಿಕೊಂಡು, ಇದರಲ್ಲೂ ಏನೋ ಇದೆ ಎಂದು ಅನುಮಾನಪಟ್ಟರು. ಕೆ.ಆರ್. ಪೇಟೆಯಿಂದ ಬಾಚಣಿಗೆ ಮಾರಲು ಬಂದ ಕುಳ್ಳನೊಬ್ಬನಿಗೆ ನಾಲ್ಕು ಮನೆಯವರು ಕುರ್ಚಿ ಹಾಕಿದರು. ಮೇಲುಕೋಟೆಯಿಂದ ಪಂಚೆ ಮಾರಿಕೊಂಡು ಬಂದ ಮುದುಕನ ಮೀಸೆಗೆ ಗೋರಂಟಿ ಹಚ್ಚಿತ್ತು. ಪೋಲೀಸ್ ಚಿಕ್ಕಸ್ವಾಮಿ ಅವನಿಗೆ ಸಲ್ಯೂಟು ಹೊಡೆದ. ಮುದುಕ ಪಂಚೆಯ ಗಂಟನ್ನು ಅಲ್ಲೇ ಬಿಟ್ಟು ಓಡಿದ. ಓಡಿದ್ದರಿಂದ ಅಮಲ್ದಾರರಲ್ಲ ಎಂದು ಗೊತ್ತಾಯಿತು. ಓಡಿದ್ದರಿಂದಲೇ ಕಳ್ಳನಿರಬೇಕೆಂದು ಹೊಸ ಅನುಮಾನ ಹುಟ್ಟಿತು.

ಸಂಜೆ ಚಿಕ್ಕಸ್ವಾಮಿ ಬೆಲ್ಟು ಬಿಗಿ ಮಾಡಿಕೊಂಡು ನಮ್ಮ ಬಾಗಿಲಿಗೇ ಬಂದ. ನಾನು ಕಣಜದ ಹಿಂದೆ ಸರಿದೆ.

"ಲಕ್ಷ್ಮಿದೇವಮ್ಮಾರೆ, ಸಾಹೇಬ್ರು ಒಳಗವ್ರಾ?"

"ಯಾವ ಸಾಹೇಬ್ರಪ್ಪ?"

"ಗೊತ್ತು ಬುಡಿ. ನನ್ ಹತ್ರ ಯಾಕೆ ಮುಚ್ಚಿಡ್ತೀರಿ. ಅವರೇ..." ಎಂದು ಮೂಗಿನ ಕೆಳಗೆ ಬೆರಳಾಡಿಸಿ ತೋರಿಸಿದ.

ಅತ್ತೆ ಅವನನ್ನೇ ನೋಡಿ ಹೇಳಿದರು. "ಅವ್ರು ಈಗ ಇಲ್ಲ. ಮಧ್ಯಾನ ಉಂಡಾದ ಮ್ಯಾಲೆ ಬತ್ತಾರೆ, ಹೊತ್ತು ಇಳಿಯೋ ಗಂಟ ಇರ್ತಾರೆ."

ಚಿಕ್ಕಸ್ವಾಮಿ ಒಂದು ಹೆಜ್ಜೆ ಹಿಂದೆ ಸರಿದು ನಮ್ಮ ಬಾಗಿಲಿಗೆ ಸಲ್ಯೂಟು ಹೊಡೆದು ಹೋದ. ಬಾಗಿಲಿಗೆ ಅಂಥ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಗುದ್ದಲಿಯ ಸದ್ದು ಕೇಳಿತು. ಅಂದಾನಯ್ಯನವರೇ ಪಂಚೆ ಮೇಲೆ ಕಟ್ಟಿಕೊಂಡು ತಮ್ಮ ಜಗಲಿಯನ್ನು ಒಡೆಯುತ್ತಿದ್ದರು. ಸುತ್ತ ಬೀದಿಯೆಲ್ಲ ಸೇರಿತ್ತು.

"ಇದೇನಂದಾನಯ್ನೋರೆ, ಮಗಳ ಮದ್ವೆ ಇಟ್ಕಂಡು ಮನೆ ಒಡೀತಿದ್ದೀರಲ್ಲ?" ಎಂದ ದೇವಯ್ಯ.

"ನಂಗೂ ಅಮಲ್ದಾರ್ರಿಗೂ ಮಾತಾಗದೆ ಕಣ್ಲಾ. ಊರಿಗೆ ಮೊದ್ಲು ದಾರಿ ತೋರ್ಸೋರು ನೀವೇ ಆಗ್ಬೇಕು ಅಂದ್ರು. ಅವ್ರ ಮಾತ ಎಂಗ್ ತೆಗೆದಾಕ್ಲಿ?"

ಇದನ್ನು ಕೇಳಿದ ಮೇಲೆ ಬೀದಿಯಲ್ಲಿ ಜಗಲಿ ಚಾಚಿದ್ದ ಮಿಕ್ಕವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸದ್ದಿಲ್ಲದೆ ಗುದ್ದಲಿ ಹುಡುಕಲು ಹೋದರು. ಪ್ರೇಮಮ್ಮ ಹೊಸ್ತಿಲಲ್ಲಿ ನಿಂತು ಪುಡಿಯಾಗುತ್ತಿದ್ದ ಜಗಲಿಯನ್ನು ನೋಡುತ್ತಿದ್ದರು. ಆಕೆಯ ಮುಖದಲ್ಲಿ ಇದ್ದಂಥ ಕಳೆಯನ್ನು ನಾನು ಹೇಮಗಿರಿಯಲ್ಲಿ ದೇವರ ಮುಂದೆ ನಿಂತವರ ಮುಖದಲ್ಲೂ ಕಂಡಿಲ್ಲ.

ಸೋಮವಾರ ಬಂತು. ನಾಗಮಂಗಲದವರು ಮಧ್ಯಾಹ್ನದ ಬಸ್ಸಿಗೆ ಎಂದು ಹೇಳಿದ್ದರು. ಪ್ರೇಮಮ್ಮ ಒಬ್ಬಟ್ಟು ಬೇಯಿಸಿಟ್ಟು, ರೇಷ್ಮೆ ಸೀರೆಯುಟ್ಟು, ಅದರಲ್ಲೇ ಬೇಲಿ ದಾಟಿ ಬಂದರು. ಮುಖ ಬೆವರಿತ್ತು.

"ನಂಗೆ ಈಗ್ಲೇ ಬಾಯಿ ಒಣಗ್ತಾ ಅದೆ ಕಣವ್ವ. ಒಂದೆರಡ್ ಮಾತು ಆಡ್ಬುಟ್ಟು ಓಗ್ತೀನಿ. ನಾಲ್ಗೆ ತಿರುಗ್ಲಿ. ನನ್ ಮಗಳ ಬಾಳು ಇವತ್ತು ಈ ನಾಲ್ಗೆ ಮ್ಯಾಲೇ ನಿಂತದೆ."

ಅತ್ತೆ ರುಮಾಲು ಸುತ್ತಿದರು. ಮಾದಮ್ಮ ಎದ್ದು ನಿಂತಳು. ನಾನು ಮೀಸೆ ಅಂಟಿಸಿಕೊಂಡೆ.

ಅನುಮಾನದ ಮನುಷ್ಯ ಹೇಳಿದ ಬಸ್ಸಿಗೆ ಬರುತ್ತಾರೆಯೇ? ಶಿವಲಿಂಗಯ್ಯನವರು ಅದಕ್ಕೂ ಮುಂಚಿನ ಬಸ್ಸಿಗೇ ಬಂದು, ದೇವಯ್ಯನ ಹೋಟಲಿನಲ್ಲಿ ಕೂತು ಬೀದಿಯನ್ನು ಗಮನಿಸಿ, ಆಮೇಲೆ ಇಬ್ಬರು ನೆಂಟರೊಂದಿಗೆ ಅಂದಾನಯ್ಯನವರ ಮನೆಗೆ ನಡೆದರು. ಕಳೆದ ಸಲ ತಾವು ಕೂತಿದ್ದ ಜಗಲಿ ಈಗ ಇಲ್ಲವೇ ಇಲ್ಲ. ಅವರು ಮಣ್ಣಿನ ರಾಶಿಯನ್ನು ಕೋಲಿನಿಂದ ಕೆದಕಿ ನೋಡಿದರು.

"ಜಗಲಿ ಎಲ್ಲೋಯ್ತು?"

"ಸರ್ಕಾರಿ ವಿಚಾರ. ಒಳೀಕೆ ಬನ್ನಿ, ಯೋಳ್ತೀನಿ," ಎಂದರು ಅಂದಾನಯ್ಯನವರು.

"ಹೆಣ್ಣಿನ ತಾಯಿ ಕಾಣಾಕಿಲ್ಲ?"

ಅಂದಾನಯ್ಯನವರು ಅಡುಗೆಮನೆ ನೋಡಿದರು, ಹಿತ್ತಲು ನೋಡಿದರು. "ಇಲ್ಲೇ ಇದ್ಲು. ದೇವಸ್ಥಾನಕ್ಕೆ ಓಗಿರ್ಬೇಕು."

"ಮೂಗೀನ ಬಚ್ಚಿಟ್ಬುಟ್ಟವ್ರೆ ಕಣಯ್ಯ," ಎಂದು ನೆಂಟರಲ್ಲೊಬ್ಬರು ಶಿವಲಿಂಗಯ್ಯನವರ ಕಿವಿಯಲ್ಲಿ ಹೇಳಿದರು. ಒಳಗೆ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದ ಇಂದ್ರಮ್ಮನಿಗೆ ಅದು ಕೇಳಿತು. ಅವಳೇ ನಮಗೆ ಆಮೇಲೆ ಇದನ್ನೆಲ್ಲ ಹೇಳಿದವಳು.

ಆಗ ಗೋಡೆಯ ಈ ಕಡೆ ಕೊಡತಿಗಳು ನಿಂತವು. ನಾನು ಆಡುತ್ತಿದ್ದೆ. "ಯಜಮಾನರೇ, ಜಗಲಿ ಒಡೆಸಿದ್ದೀರಿ, ಸಂತೋಷ. ಇನ್ನು ನಿಮ್ಮ ಸೊಸೆಯ ಡಾಬಿನ ವಿಚಾರಣೆ ಆಗಬೇಕು."

ಅಂದಾನಯ್ಯನವರ ಮುಖ ಅರಳಿತು. "ಕೇಳುಸ್ತಾ? ಕೇಳುಸ್ತಾ? ಅಮಲ್ದಾರ್ರು! ನಮ್ ಪಕ್ಕದ ಮನೇಲೇ ಅವ್ರೆ!"

ಶಿವಲಿಂಗಯ್ಯನವರು ತೆಂಗಿನಕಾಯಿ ನೋಡುವ ಹಾಗೆ ಗೋಡೆಗೆ ಕಿವಿ ಕೊಟ್ಟರು. ಅಷ್ಟರಲ್ಲಿ ದೊಡ್ಡವ್ವನ ಧ್ವನಿ ಎದ್ದಿತು.

"ಡಾಬು ವಿಚಾರ್ಣೆ ಮಾಡಾಕೆ ನೀನ್ಯಾವ ಸೀಮೆ ಅಮಲ್ದಾರನಯ್ಯ? ನಮ್ ಮನೆ ಹಾಲು ಕುಡ್ದು ಸಕ್ಕರೆ ಕಮ್ಮಿ ಅಂದೋನು! ಮೀಸೆ ಬುಟ್ಟಿದ್ದೀಯ, ಮೀಸೆ ಒರೆಸ್ಕಳಾಕೆ ಬರಾಕಿಲ್ಲ!"

"ಅಮಲ್ದಾರ್ರನ್ನೇ ಬೈತಾವ್ಳಲ್ಲ! ಯಾರದು?" ಎಂದರು ಶಿವಲಿಂಗಯ್ಯನವರು.

ಅಂದಾನಯ್ಯನವರ ಬೆವರು ಇಳಿಯಿತು. "ಅದ್ಯಾವಳೋ ಗಯ್ಯಾಳಿ, ನಮಗೆ ಸಂಬಂಧ ಇಲ್ಲ. ನಮ್ ಮನೇಲಿ ಎಂಗಸ್ರು ಅಂಗಲ್ಲ. ಬಾಯೇ ಬುಡಾಕಿಲ್ಲ. ನನ್ ಎಂಡ್ರು ಮದ್ವೆಯಾದಾಗ್ಲಿಂದ ಒಂದ್ ಮಾತಾಡಿಲ್ಲ ಅಂದ್ರೂ ಸೈ! ನನ್ ಮಗಳೂ ಅಂಗೇ!"

ನೆಂಟರಿಬ್ಬರೂ ಮೇಲೆದ್ದರು. ಶಿವಲಿಂಗಯ್ಯನವರು ಕೋಲು ಎತ್ತಿಕೊಂಡರು. "ಅಂಗಾರೆ ನಾವು ಬತ್ತೀವಿ," ಎಂದರು.

ತಟ್ಟೆ ಹಿಡಿದಿದ್ದ ಇಂದ್ರಮ್ಮ ಹೊಸ್ತಿಲಿಗೆ ಬಂದಳು.

"ಅದು ನಮ್ಮವ್ವ," ಎಂದಳು.

"ಯಾವ್ದು?"

"ಬೈತಾ ಇರೋದು."

ನಮ್ಮ ಬಾಗಿಲು ದೂಡಿಕೊಂಡು ಮೊದಲು ಶಿವಲಿಂಗಯ್ಯನವರು, ಅವರ ಹಿಂದೆ ನೆಂಟರು, ನೆಂಟರ ಹಿಂದೆ ಅಂದಾನಯ್ಯನವರು, ತಟ್ಟೆ ಹಿಡಿದುಕೊಂಡೇ ಇಂದ್ರಮ್ಮ ಬಂದರು. ಮಧ್ಯಾಹ್ನದ ಸಲ್ಯೂಟಿಗೆಂದು ಬೀದಿಯಲ್ಲಿ ಕಾಯುತ್ತಿದ್ದ ಚಿಕ್ಕಸ್ವಾಮಿಯೂ ಕೊನೆಗೆ ನುಗ್ಗಿದ. ಎಲ್ಲರೂ ಕಂಡದ್ದು ಇಷ್ಟು: ಒಂದು ರಾಶಿ ಹುಣಸೆಹಣ್ಣು, ರುಮಾಲು ಸುತ್ತಿದ ಒಬ್ಬ ಹೆಂಗಸು, ನಿಂತೇ ನಾರು ಎಳೆಯುತ್ತಿದ್ದ ಒಬ್ಬಳು, ರೇಷ್ಮೆ ಸೀರೆಯಲ್ಲಿ ಕೈ ಎತ್ತಿ ನಿಂತ ಪ್ರೇಮಮ್ಮ. ನಾನು ಮೀಸೆ ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡು ನೆಲ ನೋಡುತ್ತಿದ್ದೆ.

"ಅಮ್ಮಾ, ಈಗ ಬೈದೋರು ನೀವಾ?" ಎಂದರು ಶಿವಲಿಂಗಯ್ಯನವರು.

ಪ್ರೇಮಮ್ಮ ಬಾಯಿ ತೆರೆದರು. ಗಾಳಿ ಬಂತು, ಮಾತು ಬರಲಿಲ್ಲ. ಎತ್ತಿದ ಕೈ ನಿಧಾನವಾಗಿ ಕೆಳಗಿಳಿಯಿತು. ಅಂದಾನಯ್ಯನವರು, "ಅವಳಲ್ಲ, ನಾನ್ ಯೋಳ್ತೀನಿ ಕೇಳಿ," ಎಂದು ಶುರು ಮಾಡಿದರು.

"ನೀವ್ ಸುಮ್ಕಿರಿ," ಎಂದರು ಶಿವಲಿಂಗಯ್ಯನವರು. "ಆಯಮ್ಮನ್ನ ಕೇಳಿದ್ದು."

ಪ್ರೇಮಮ್ಮ ಮತ್ತೆ ಬಾಯಿ ತೆರೆದರು. ಮತ್ತೆ ಗಾಳಿ. ಅತ್ತೆ ಕೊಡತಿ ತೆಗೆದುಕೊಂಡು ನೆಲಕ್ಕೆ ಒಂದು ಪೆಟ್ಟು ಕುಟ್ಟಿ ನನ್ನ ಮುಖ ನೋಡಿದರು. ತುದಿ ಯಾರ ಕೈಯಲ್ಲಿದೆ ಎಂದು ನನಗೆ ಗೊತ್ತಿತ್ತು. ಅಷ್ಟು ಗಂಡಸರ ಮುಂದೆ ನನ್ನ ಹೆಸರನ್ನೂ ಹೇಳುವವಳಲ್ಲ ನಾನು. ಮುಷ್ಟಿ ಬಿಡಿಸಿದೆ. ಮೀಸೆಯನ್ನು ಮೂಗಿನ ಕೆಳಗೆ ಒತ್ತಿಕೊಂಡೆ.

"ಏನಮ್ಮಾ ದೊಡ್ಡವ್ವ! ನಾಗಮಂಗಲದಿಂದ ಬಂದ ಈ ದೊಡ್ಡ ಮನುಷ್ಯರು ನಿಮ್ಮನ್ನು ಮೂಗಿ ಅನ್ನುತ್ತಾರಂತಲ್ಲ. ಏನು ಹೇಳುತ್ತೀರಿ?"

ಚಿಕ್ಕಸ್ವಾಮಿ ಗೊತ್ತಿಲ್ಲದೆಯೇ ಸಲ್ಯೂಟು ಹೊಡೆದ. ಅದರ ಬೆನ್ನಿಗೇ ದೊಡ್ಡವ್ವ ಬಂದಳು.

"ಮೂಗಿಯಾ? ನಾನಾ? ಏನಯ್ಯಾ ನಾಗಮಂಗಲದೋನೆ, ನನ್ ಬಾಯಿಗೆ ಬೀಗ ಆಕಿದ್ದು ಕಂಡಿದ್ದೀಯಾ? ಮಾತಾಡಾಕೆ ಒಂದ್ ಸಂದಿ ಬುಟ್ರೆ ತಾನೆ ಮಾತಾಡಾದು? ತೆಂಗಿನಕಾಯಿ ಅಲ್ಲಾಡ್ಸಿ ನೋಡೋನಿಗೆ ಮನ್ಸ್ಯರನ್ನ ಮಾತಾಡ್ಸಿ ನೋಡಾಕೆ ತಿಳೀನಿಲ್ವಾ? ನನ್ ಮಗಳ ಬಾಯಿ ನನ್ನಂಗೇ ಅದೆ, ಸೇರಿಗೆ ಸವಾಸೇರು ಬತ್ತದೆ. ಬೇಕಾರೆ ಕರ್ಕಂಡೋಗು. ಬ್ಯಾಡ್ವಾ, ಒಬ್ಬಟ್ಟು ಬೆಂದದೆ, ತಿಂದ್ಬುಟ್ಟು ಬಸ್ಸತ್ತು!"

ಶಿವಲಿಂಗಯ್ಯನವರು ಕೋಲನ್ನು ಗೋಡೆಗೆ ಒರಗಿಸಿದರು. ಬಂದಾಗಿನಿಂದ ಅವರ ಹುಬ್ಬು ಗಂಟಿಕ್ಕಿಕೊಂಡೇ ಇತ್ತು, ಈಗ ಸಡಿಲವಾಯಿತು.

"ಸಾಕು ತಾಯಿ, ಸಾಕು. ಬಾಯಿ ಅದೆ. ಭೇಷಾಗಿ ಅದೆ," ಎಂದರು. "ನಮ್ಮವ್ವ ಮನೇಲಿ ಮೂವತ್ತು ವರ್ಸದಿಂದ ಒಬ್ಬಳೇ ಮಾತಾಡ್ತಾ ಅವ್ಳೆ. ಎದುರು ಜವಾಬು ಕೊಡೋ ಸೊಸೆ ಸಿಕ್ಲಿ ಅಂತ ನಾನು ಊರೂರು ಅಲೀತಿದ್ದೀನಿ. ಮಗಾ, ಆ ತಟ್ಟೆ ಇಲ್ಲಿ ತತ್ತಾ."

ತಾಂಬೂಲ ಬದಲಾದದ್ದು ನಮ್ಮ ಹುಣಸೆಹಣ್ಣಿನ ರಾಶಿಯ ಪಕ್ಕದಲ್ಲೇ. ತೆಂಗಿನಕಾಯಿಯನ್ನು ಶಿವಲಿಂಗಯ್ಯನವರು ಅಲ್ಲಾಡಿಸದೆ ಚೀಲಕ್ಕೆ ಹಾಕಿಕೊಂಡರು.

ಎಲ್ಲ ಮುಗಿದ ಮೇಲೆ ಅಂದಾನಯ್ಯನವರಿಗೆ ಧ್ವನಿ ಬಂತು. "ಅಂಗಾರೆ ಅಮಲ್ದಾರ್ರು?"

ಎಲ್ಲರೂ ನನ್ನ ಕಡೆ ನೋಡಿದರು. ಮೀಸೆ ಬಿದ್ದುಹೋಯಿತು.

"ನನ್ ಬಾದಾಮಿ ಹಾಲು?"

"ನಂಗೆ ಒಂದೇ ಗುಟುಕು ಸಿಕ್ಕಿದ್ದು ಬುದ್ದಿ," ಎಂದಳು ಮಾದಮ್ಮ.

"ಅಂಗಾರೆ ನಾನು ಸಲ್ಯೂಟು ಹೊಡೆದದ್ದು ಯಾರಿಗೆ?" ಎಂದ ಚಿಕ್ಕಸ್ವಾಮಿ.

"ಬಾಗ್ಲಿಗೆ. ಇನ್ನೊಂದ್ಸಲ ಹೊಡಿ, ಓಗ್ತಾ ಮುಚ್ಕಂಡು ಓಗು," ಎಂದರು ಅತ್ತೆ.

ನಿಜವಾದ ಅಮಲ್ದಾರರು ಮುಂದಿನ ವಾರ ಬಂದರು. ಮೀಸೆಯೇ ಇಲ್ಲದ ಉದ್ದನೆಯ ಮನುಷ್ಯ. ಜೀಪು ನಮ್ಮ ಬೀದಿಯಲ್ಲಿ ಎಲ್ಲಿಯೂ ವಾಲದೆ ನೇರವಾಗಿ ಹೋಯಿತು. ಹೊಂಗೆಮರದ ಕಡೆ ಅವರು ತಿರುಗಿಯೂ ನೋಡಲಿಲ್ಲ.

ಕೂರಲು ಜಗಲಿಯಿಲ್ಲ, ಕೇಳಲು ಜನವಿಲ್ಲ. ಅಂದಾನಯ್ಯನವರು ಸ್ವಲ್ಪ ದಿನ ತೂತಿಗೆ ಕಿವಿ ಕೊಟ್ಟು ನಿಂತರು. ಆಮೇಲೆ ಒಂದು ಮಧ್ಯಾಹ್ನ ತಾವೇ ಬೇಲಿ ದಾಟಿ ಬಂದು, "ನಂಗೂ ಒಂದು ವೇಸ ಕೊಡಿ," ಎಂದರು. ಮಹಡಿ ಮನೆಯ ಭಾವಮೈದನ ಪಾತ್ರ ಕೊಟ್ಟೆವು. ಬಂದ ಗಳಿಗೆಯಲ್ಲೇ ಅವರು ಡಾಬನ್ನು ಹುಡುಕಿಕೊಟ್ಟರು, ಯಜಮಾನನಿಗೆ ಬುದ್ಧಿ ಹೇಳಿದರು, ಸೊಸೆಯ ಪರವಾಗಿ ತಾವೇ ಅತ್ತರು, ಅಮಲ್ದಾರರ ಪರವಾಗಿ ತಾವೇ ತೀರ್ಪು ಕೊಟ್ಟರು. ತುದಿ ಎಂಬುದೇ ಉಳಿಯಲಿಲ್ಲ. ನಾವು ನಾಲ್ವರೂ ಬರೀ ಹುಣಸೆಹಣ್ಣು ಕುಟ್ಟಿಕೊಂಡು ಕೂತೆವು. ಕಳ್ಳನ ಪಾತ್ರ ಕೊಟ್ಟರೆ ಕಳ್ಳ ಅಮಲ್ದಾರರ ಗೆಳೆಯನಾಗಿಬಿಟ್ಟ. ಮುದುಕನ ಪಾತ್ರ ಕೊಟ್ಟರೆ ಮುದುಕ ಹಳೆಯ ಅಮಲ್ದಾರರನ್ನು ಎತ್ತಿ ಆಡಿಸಿದವನಾದ.

ಕೊನೆಗೆ ಪ್ರೇಮಮ್ಮನೇ ಒಂದು ಪಾತ್ರ ಹುಡುಕಿದರು. ಮಹಡಿ ಮನೆಯಲ್ಲಿ ಕೆಲಸಕ್ಕಿರುವ ಮೂಗ.

ನಂಬುವುದು ಕಷ್ಟ, ಅಂದಾನಯ್ಯನವರು ಆ ಪಾತ್ರಕ್ಕೆಂದೇ ಹುಟ್ಟಿದವರ ಹಾಗಿದ್ದರು. ಮೂಗ ಕಣ್ಣು ಮಿಟುಕಿಸಿದರೆ ಸೊಸೆಗೆ ಭಯ, ತಲೆ ಕೆರೆದುಕೊಂಡರೆ ಯಜಮಾನನಿಗೆ ಅನುಮಾನ. ಅವನಿಗೆ ಏನೇನು ಗೊತ್ತಿದೆಯೋ ಎಂದು ಇಡೀ ಮನೆ ನಡುಗುತ್ತಿತ್ತು. ಆಟ ಅಷ್ಟು ಕಳೆಗಟ್ಟಿದ್ದು ಎಂದೂ ಇಲ್ಲ.

ಮೊನ್ನೆ ನಾನು ಮೀಸೆ ಅಂಟಿಸಿಕೊಂಡು ಮಣೆಯ ಮೇಲೆ ಕೂತು ಗದರಿಸಿದೆ. "ಏನಯ್ಯಾ ಮೂಗ! ಈ ಮನೆಯ ಜಗಲಿ ಒಡೆದವರು ಯಾರು? ನಿಜ ತೋರಿಸು!"

ಮೂಗ ಕೈಯಲ್ಲಿದ್ದ ಹಣ್ಣಿನ ನಾರು ಬಿಡಿಸಿ ಮುಗಿಸಿದ. ಆಮೇಲೆ ಅಂಟಂಟಾದ ತೋರುಬೆರಳನ್ನು ಎತ್ತಿ, ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ದಾಟಿಸಿಕೊಂಡು ಹೋಗಿ, ನೇರವಾಗಿ ತನ್ನ ಹೆಂಡತಿಯ ಮುಂದೆ ನಿಲ್ಲಿಸಿದ.

"ಹೂಂ," ಎಂದರು ಪ್ರೇಮಮ್ಮ.